ಚೀತಾವನ್ನು ಓಡಿಸಿದ ಪಂಜುರ್ಲಿ

ದೈವವನ್ನು ನಂಬಿದ ಬಂಧುಗಳಿಗೆ ನಮಸ್ಕಾರ. ಇದನ್ನು ಶಾಂತವಾಗಿ ಬರೆಯಬೇಕೆಂದು ಮೂರು ಸಲ ಕುಳಿತೆ, ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕಡಬದಲ್ಲಿ ನನ್ನದೂ ನನ್ನ ಗಂಡ ರಘುನಾಥರದ್ದೂ ಒಂದು ಔಷಧಿ ಅಂಗಡಿ ಉಂಟು. ಇಬ್ಬರೂ ಒಟ್ಟಿಗೆ ಬಾಗಿಲು ಹಾಕಿ ಹೊರಟದ್ದು ಇದೇ ಮೊದಲು. ಕಳೆದ ಫೆಬ್ರವರಿಯಲ್ಲಿ, ಪುತ್ತೂರಿನ ಟೂರಿನವರ ಜೊತೆ, ಕೀನ್ಯಾಕ್ಕೆ. ಕಾಡುಪ್ರಾಣಿ ನೋಡುವ ಆಸೆ ಅವರದು. ಅವರು ಒಮ್ಮೆ ಕೌಂಟರ್ ಬಿಟ್ಟು ನಗಲಿ ಎಂಬುದಷ್ಟೇ ನನ್ನದು.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ನಮ್ಮನ್ನು ಕೂರಿಸಿಕೊಂಡು ಹೊರಟ ಜೀಪು ಮಧ್ಯಾಹ್ನವಾದರೂ ಉಳಿದುಕೊಂಡಿದ್ದ ಕ್ಯಾಂಪಿಗೆ ಹಿಂತಿರುಗಲಿಲ್ಲ. ಒಂದು ಪೊದೆಯ ಕೆಳಗೆ ಚೀತಾ ಮಲಗಿತ್ತು, ಸುತ್ತ ಹತ್ತು ಹನ್ನೆರಡು ಗಾಡಿಗಳು. ಗಾಳಿ ಇಲ್ಲ, ಇಂಜಿನ್ ಬಂದ್. ತಗಡು ಕಾದು ಮುಟ್ಟುವ ಹಾಗಿರಲಿಲ್ಲ. ಇವರಿಗೆ ಮೊದಲು ತಲೆನೋವು, ಮತ್ತೆ ವಾಂತಿ. ಆಮೇಲೆ ಬೆವರುವುದೇ ನಿಂತಿತು. ಮೈ ಮುಟ್ಟಿದರೆ ಬೆಂಕಿ. "ಶಟರ್ ಎಳೆ, ಬಸ್ ಹೋಗ್ತದೆ" ಎಂದು ಬಡಬಡಿಸತೊಡಗಿದರು. ಔಷಧಿ ಅಂಗಡಿಯವಳು ನಾನು, ಇದು ಬರೀ ಸೆಕೆಯಲ್ಲ ಎಂದು ತಿಳಿಯದೇ? ಹೀಗೇ ಕೂತರೆ ಜೀವ ಹೋಗುತ್ತಿತ್ತು.

"ಗಾಡಿ ತಿರುಗಿಸಿ, ಕ್ಯಾಂಪಿನಲ್ಲಿ ಡಾಕ್ಟ್ರು ಇದ್ದಾರೆ" ಎಂದೆ.

ಸಂಪಾಜೆಯಿಂದ ಬಂದಿದ್ದ ದೊಡ್ಡ ಕ್ಯಾಮೆರಾದವರು ತಿರುಗಿಯೂ ನೋಡಲಿಲ್ಲ. "ಐದು ನಿಮಿಷ ಅಕ್ಕ. ಈಗ ಬೇಟೆ ಆಡ್ತದೆ. ಇಷ್ಟು ದೂರ ಬಂದದ್ದು ಎಂತಕ್ಕೆ ಮಾರಾಯ್ರೆ?"

ಟೂರ್ ಮ್ಯಾನೇಜರು, "ಎಲ್ಲರೂ ಒಪ್ಪಿದ್ರೆ ಹೋಗುವ" ಎಂದರು. ಯಾರೂ ಒಪ್ಪಲಿಲ್ಲ. ಐದು ನಿಮಿಷ ಇಪ್ಪತ್ತಾಯಿತು. ನಮ್ಮ ಬಾಟಲಿಯ ನೀರನ್ನೆಲ್ಲ ಅವರ ತಲೆಗೆ ಸುರಿದು, "ಯಾರಾದ್ರೂ ನೀರು ಕೊಡಿ" ಎಂದು ಕೂಗಿದೆ. ಹಿಂದಿನ ಸೀಟಿನ ಹೆಂಗಸು, "ಶ್, ಚೀತಾ ಎದ್ದು ಹೋಗ್ತದೆ" ಎಂದಳು. ಮನುಷ್ಯರಾ ಇವರು?

ಆಗ ನನಗೆ ದೈವದ ಮೇಲೂ ಸಿಟ್ಟು ಬಂತು. ಪೆರಾಬೆಯ ನನ್ನ ಗಂಡನ ಕುಟುಂಬದವರು ಹಂದಿಯ ರೂಪದ ದೈವ ಪಂಜುರ್ಲಿಯನ್ನು ನಂಬಿ, ವರ್ಷಕ್ಕೊಮ್ಮೆ ತಂಬಿಲದ ಪೂಜೆ ಕೊಟ್ಟುಕೊಂಡು ಬಂದವರು. ನಾನು ಪ್ರಾರ್ಥನೆ ಮಾಡಲಿಲ್ಲ, ಜಗಳವಾಡಿದೆ. "ವರ್ಷ ವರ್ಷ ನಿನಗೆ ತಂಬಿಲ ಕೊಡುದು ಎಂತಕ್ಕೆ? ನಿನ್ನ ಮನೆಯ ಮಗ ಇಲ್ಲಿ ಬಿದ್ದಿದ್ದಾನೆ. ಸಮುದ್ರ ದಾಟ್ಲಿಕ್ಕೆ ಆಗುದಿಲ್ಲ ಅಂತ ನೆಪ ಹೇಳ್ಬೇಡ!"

ಹುಲ್ಲಿನಿಂದ ಒಂದು ಕಾಡುಹಂದಿ ನುಗ್ಗಿತು. ಹಿಂದೆ ಮೂರು ಮರಿ, ಬಾಲ ನೆಟ್ಟಗೆ. ಕೋರೆ ಮುಂದೆ ಮಾಡಿ ಸೀದಾ ಚೀತಾದ ಮೇಲೆ ಹೋಯಿತು. ಚೀತಾ ಎದ್ದು ಓಡಿದ್ದು ಮತ್ತೆ ಕಾಣಲಿಲ್ಲ. ನೋಡಲಿಕ್ಕೆ ಏನೂ ಉಳಿಯದಾಗ ಗಾಡಿಗಳು ಒಂದೊಂದಾಗಿ ಸರಿದವು. ನಮ್ಮ ಡ್ರೈವರ್ ಯಾರನ್ನೂ ಕೇಳದೆ ಕ್ಯಾಂಪಿನತ್ತ ಬಿಟ್ಟ. "ಹಾಳು ಹಂದಿ, ಎಲ್ಲ ಕೆಡಿಸಿತು" ಎಂದು ಕ್ಯಾಮೆರಾದವರು ದಾರಿಯುದ್ದಕ್ಕೂ ಗೊಣಗಿದರು. ನಾನು ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೈಮುಗಿದೆ.

ಡಾಕ್ಟರು ಐಸ್ ಇಟ್ಟು, ಡ್ರಿಪ್ ಹಾಕಿ, ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಸಂಜೆ ಇವರು ಕಣ್ಣುಬಿಟ್ಟು ನನ್ನ ಹೆಸರು ಹಿಡಿದು ಕರೆದರು. ಆಗ ನನಗೆ ಅಳು ಬಂತು, ಅಲ್ಲಿಯವರೆಗೆ ಅತ್ತಿರಲಿಲ್ಲ.

ಊರಿಗೆ ಬಂದು ತಂಬಿಲ ಕೊಟ್ಟೆವು. ಬೈದದ್ದಕ್ಕೆ ತಪ್ಪುಕಾಣಿಕೆಯನ್ನೂ ಹಾಕಿದೆ. ಆದರೆ ಆ ಜನರನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ. ಮೊನ್ನೆ ಕ್ಯಾಮೆರಾದವರು ಟೂರಿನ ಗ್ರೂಪಿಗೆ ಆ ಮಧ್ಯಾಹ್ನದ ವಿಡಿಯೋ ಹಾಕಿದ್ದಾರೆ. ಚೀತಾ ಚೆನ್ನಾಗಿ ಬಂದಿದೆ. ನಾನು ನೀರಿಗಾಗಿ ಕೂಗಿದ್ದು ಕೇಳಬಾರದೆಂದು ಮೇಲೆ ಕೊಳಲಿನ ಸಂಗೀತ ಸೇರಿಸಿದ್ದಾರೆ. ಸೇರಿಸಿಕೊಳ್ಳಲಿ. ಕೇಳಬೇಕಾದ ದೈವ ಅದನ್ನು ಅಲ್ಲೇ ಕೇಳಿಸಿಕೊಂಡಿತ್ತು.