ತಹಾಮಿ ಮಾವನ ಸ್ಟೂಲು

ನಮ್ಮ ತಹಾಮಿ ಮಾವನ ಮುಖದಲ್ಲಿ ಯಾರೂ ನಗು ಕಂಡಿಲ್ಲ. ಊರನ್ನೆಲ್ಲ ನಗಿಸುವವನು ಮಾತ್ರ ಅವನೇ. ನಮ್ಮ ಸೆಫ್ರೂ ಊರಲ್ಲಿ ಯಾರ ಮನೆಯ ಮದುವೆಯಾದರೂ ಪುದೀನ ಚಹಾ ಸುರಿಯಲು ಅವನೇ ಬೇಕು. ತಲೆಗಿಂತ ಎತ್ತರಕ್ಕೆ ಕೆಟಲ್ ಎತ್ತಿ, ಹನಿ ಚೆಲ್ಲದೆ ಲೋಟದಲ್ಲಿ ನೊರೆ ಏಳಿಸುತ್ತಿದ್ದ. ನೊರೆಯಿಲ್ಲದ ಚಹಾ ಕೊಟ್ಟರೆ ನಮ್ಮಲ್ಲಿ ಅತಿಥಿಗೆ ಅವಮಾನ.

ನಲವತ್ತಕ್ಕೆ ಅವನ ಕೈ ಭುಜದಿಂದ ಮೇಲೇಳದಾಯಿತು. ಫೆಸ್ ಪಟ್ಟಣದ ಡಾಕ್ಟರು ಮನೆಮಂದಿಯನ್ನೆಲ್ಲ ಕೂರಿಸಿ ಸಿಳ್ಳೆ ಹಾಕಿ ಎಂದರು. ಮಾವ, ಅಮ್ಮ, ನಾನು ಬರೀ ಗಾಳಿ ಊದಿದೆವು.

"ಮರ್ಯಾದಸ್ತ ಹೆಂಗಸರು ಸಿಳ್ಳೆ ಹಾಕಲ್ಲ ಡಾಕ್ಟ್ರೇ," ಎಂದಳು ಅಮ್ಮ.

ಮುಖದ, ಭುಜದ ಸ್ನಾಯುಗಳು ವರ್ಷ ವರ್ಷವೂ ಸೊರಗುವ ಕಾಯಿಲೆ, ವಂಶದಲ್ಲೇ ಬಂದದ್ದು, ಮುಂದೆ ಕಾಲಿಗೂ ಇಳಿಯಬಹುದು, ಗುಣವಾಗುವ ಔಷಧಿಯಿಲ್ಲ ಎಂದರು. ಅಮ್ಮ ಮನೆಗೆ ಬಂದು ದೃಷ್ಟಿಗೆಂದು ಧೂಪ ಹಾಕಿದಳು. ಬಟ್ಟೆ ಒಣಹಾಕುವ ಹಗ್ಗವನ್ನು ಅವಳು ಮೂರು ಸಲ ಕೆಳಗಿಳಿಸಿ ಕಟ್ಟಿದ್ದನ್ನು ನಾವ್ಯಾರೂ ಎತ್ತಿ ಆಡಲಿಲ್ಲ.

ಏಳು ವರ್ಷ ಕಳೆದ ಮೇಲೆ ನನ್ನನ್ನು ನೋಡಲು ಪಕ್ಕದೂರಿನ ಬಡಗಿ ಅನ್ವರ್ ತನ್ನ ತಾಯಿ ಲಲ್ಲಾ ಬತೂಲ್ ಜೊತೆ ಬಂದ. ನನಗೆ ಅವನು ಬೇಕಾಗಿತ್ತು. ಎದ್ದು ಕಾಣುವ ನನ್ನ ಹೆಗಲೆಲುಬಿಗೆ ಅಮ್ಮ ಶಾಲು ಹೊದಿಸಿ, ಮಾವನಿಗೆ ತಾಕೀತು ಮಾಡಿದಳು: "ಕೈಗೇನಾಯ್ತು ಅಂತ ಕೇಳಿದ್ರೆ ಮೆಟ್ಟಿಲಿಂದ ಬಿದ್ದೆ ಅನ್ನು."

"ಏಳು ವರ್ಷದಿಂದ ಬೀಳ್ತಾನೇ ಇದೀನಿ ಅನ್ಲೇನಕ್ಕಾ?"

ಮಾವ ಲೋಟಗಳನ್ನು ನೆಲದ ಮೇಲಿಟ್ಟು, ತಾನು ಸ್ಟೂಲು ಹತ್ತಿದ. ಸೊಂಟದ ಮಟ್ಟದಿಂದ ಸುರಿದರೂ ನೊರೆ ಉಕ್ಕಿತು.

"ಇದೇನು ತಹಾಮಿಯವರೇ, ಹೊಸ ಪದ್ಧತಿ?" ಬತೂಲ್ ಕೇಳಿದರು.

"ಕೈ ಮೇಲೆ ಬರಲ್ಲ ಅಂತು. ಸರಿ, ನಾನೇ ಹೋಗ್ತೀನಿ ಅಂದೆ."

ಅಮ್ಮ ಮೆಟ್ಟಿಲಿನ ಕಥೆ ತೆಗೆದಳು. ಬತೂಲ್ ತಲೆಯಾಡಿಸಿ, "ಎರಡನೇ ಸುತ್ತು ಹುಡುಗಿ ಸುರೀಲಿ," ಎಂದರು.

ಅಮ್ಮ ನನ್ನ ಶಾಲಿನ ಅಂಚು ಹಿಡಿದುಕೊಂಡಳು. ಏನೋ ನೆಪ ಹೇಳಿ ಮುಚ್ಚಿಟ್ಟರೆ ಅನ್ವರ್ ನನ್ನವನಾಗುತ್ತಾನೆ, ಆದರೆ ದಿನವೂ ಹೆದರಿ ಬಾಳಬೇಕು. ನಾನು ಶಾಲು ತೆಗೆದಿಟ್ಟು, "ಮಾವ, ಇಳಿ," ಎಂದೆ. ಸ್ಟೂಲು ಹತ್ತಿ ಸುರಿದೆ. ಅರ್ಧ ನೆಲದ ಪಾಲಾಯಿತು.

"ನನಗೂ ಅದೇ ಕಾಯಿಲೆ ಇದೆ. ಮಕ್ಕಳಿಗೂ ಬರಬಹುದು."

ಬತೂಲ್ ಚಹಾ ಪೂರ್ತಿ ಕುಡಿದು ಎದ್ದುಹೋದರು. ಅನ್ವರ್ ಬಾಗಿಲಲ್ಲಿ ನಿಂತು ಸ್ಟೂಲನ್ನೇ ನೋಡಿದ. ಅಮ್ಮ ಮೂರು ವಾರ ನನ್ನೊಡನೆ ಮಾತು ಬಿಟ್ಟಳು.

ನಾಲ್ಕನೇ ವಾರ ಕತ್ತೆಯ ಮೇಲೆ ಅನ್ವರ್ ಮಾಡಿದ ಒಂದು ದೇವದಾರು ಸ್ಟೂಲು ಬಂತು. ನಮ್ಮದಕ್ಕಿಂತ ಗೇಣು ಎತ್ತರ, ಹತ್ತಲು ಎರಡು ಮೆಟ್ಟಿಲು, ಕಾಲು ಸೋತಾಗ ಹಿಡಿದುಕೊಳ್ಳಲು ಪಕ್ಕದಲ್ಲಿ ಮರದ ಹಿಡಿಕೆ. ನಾನು ಅಲ್ಲೇ ಕೂತು ಅತ್ತೆ.

ಮಾವ ಅದನ್ನು ಅಲುಗಾಡಿಸಿ ನೋಡಿ, ನಗದ ಮುಖದಲ್ಲೇ ಹೇಳಿದ: "ಅಕ್ಕಾ, ಮದುವೇಲಿ ಚಹಾ ಸುರಿಯೋದು ನಾನೇ. ಇದರಿಂದ ಬಿದ್ರೆ ನಿನ್ನ ಮೆಟ್ಟಿಲಿನ ಕಥೇನೂ ನಿಜ ಆಗುತ್ತೆ."