ಕಿತ್ತಿಟ್ಟ ಗಡಿಕಲ್ಲು

ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಆ ಭೂಮಾಪಕರು ಯಾವ ಜಾಗಕ್ಕೂ ಕಾಲಿಟ್ಟವರಲ್ಲ. ಪರವಾನಗಿ ಮಾತ್ರ ಚಾಲ್ತಿಯಲ್ಲಿತ್ತು. ಸಹಾಯಕ ಸ್ಥಳಕ್ಕೆ ಹೋಗಿ ಉಪಕರಣ ನಿಲ್ಲಿಸಿ ಅಳೆದ ಬಿಂದುಗಳನ್ನು ಕಳಿಸುತ್ತಿದ್ದ. ಇವರು ಮನೆಯ ಹಿಂಬದಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕ್ರಯಕ್ಕೆ ಬಂದ ನಿವೇಶನಗಳ ಗಡಿ ಎಳೆದು ಸಹಿ ಹಾಕುತ್ತಿದ್ದರು. "ಕೆಸರು ನನ್ನ ಕಾಲಿಗೆ, ಹೆಸರು ನಿಮ್ಮ ತಲೆಗೆ" ಎಂದು ಸಹಾಯಕ ಛೇಡಿಸುತ್ತಿದ್ದ.

ಅವರ ಅಕ್ಕ, ಗಂಡ ತೀರಿದ ಮೇಲೆ, ಮನೆಗೆ ತಾಗಿಸಿ ದೊಡ್ಡ ಅಡುಗೆಮನೆ ಕಟ್ಟಿಸಿ ಊಟದ ಡಬ್ಬಿ ಕಳಿಸಿ ಬದುಕುತ್ತಿದ್ದಳು. ಪಕ್ಕದ ಜಾಗ ಮಾರಾಟಕ್ಕೆ ಬಂದಾಗ, ಕೊಳ್ಳುವವನು ಆ ಅಡುಗೆಮನೆ ಒತ್ತುವರಿ ಎಂದ. "ನನ್ನ ತಮ್ಮನೇ ಅಳೀಲಿ" ಅಂದಳು ಅಕ್ಕ. ಸ್ವಂತದವರ ಜಾಗ ಬೇಡವೆಂದು ಇವರು ಹಿಂಜರಿದರೂ ಕೊಳ್ಳುವವನೇ ಒಪ್ಪಿಗೆ ಬರೆದುಕೊಟ್ಟ. "ಅವ್ರು ಹೆತ್ತ ತಾಯಿಗೂ ಒಂದಿಂಚು ಜಾಸ್ತಿ ಕೊಡೋರಲ್ಲ ಅಂತಾರೆ. ನಂಗೇನೂ ಅಡ್ಡಿಯಿಲ್ಲ."

ಹಳೆಯ ನಕ್ಷೆ, ಸರಪಳಿ ಹಿಡಿದು ನೆಲ ಅಳೆಯುತ್ತಿದ್ದ ಕಾಲದ್ದು. ಕೊಂಡಿಗಳು ಸವೆದಂತೆ ಸರಪಳಿ ಉದ್ದವಾಗುತ್ತದೆ. ಉದ್ದವಾದ ಸರಪಳಿ ನೆಲವನ್ನು ಕಡಿಮೆಯಾಗಿ ಎಣಿಸುತ್ತದೆ. ಹೀಗಾಗಿ ಕಾಗದದ ಅಂಕಿ ನಿಜವಾದ ನೆಲಕ್ಕಿಂತ ಗಿಡ್ಡ. ಇಂಥ ಕಡೆ ಅಂಕಿಗಿಂತ ಕಲ್ಲು ದೊಡ್ಡದು: ಮೊದಲ ಗಡಿಕಲ್ಲು ನೆಟ್ಟಲ್ಲೇ ಇದ್ದರೆ ಅದೇ ಗಡಿ. ಇಲ್ಲದಿದ್ದರೆ ಅಂಕಿಯೇ ಗತಿ. ಅಂಕಿಯಂತೆ ಎಳೆದ ಗೆರೆ ಅಕ್ಕನ ಒಲೆಯ ಕಟ್ಟೆಯ ಮೇಲೆ ಹಾದುಹೋಗಿತ್ತು.

ಅವರು ಅಕ್ಕನಿಗೆ ವಿಡಿಯೋ ಕರೆ ಮಾಡಿದರು.

"ಅಕ್ಕಾ, ಮೂಲೆಗಲ್ಲು ಎಲ್ಲಿದೆ? ತಲೆ ಮೇಲೆ ಅಡ್ಡಗೆರೆ ಕೊರೆದಿರೋದು."

"ಓ ಅದಾ? ಇರು, ತೋರಿಸ್ತೀನಿ."

ಫೋನು ಅಲುಗಾಡುತ್ತ ಹಿತ್ತಲಿಗೆ ಹೋಯಿತು. ನಲ್ಲಿಯ ಕೆಳಗೆ ಕಲ್ಲು ಮಗುಚಿ ಮಲಗಿತ್ತು. ಕೊರೆದ ಗೆರೆಯಲ್ಲಿ ಸೋಪಿನ ನೊರೆ.

"ಪಾಯ ತೆಗೀವಾಗ ಅಡ್ಡ ಬಂತು ಕಣೋ. ಬಟ್ಟೆ ಒಗೆಯೋಕೆ ಆಗುತ್ತೆ ಅಂತ ಇಲ್ಲಿ ಹಾಕಿಸ್ದೆ. ಸಿಕ್ತಲ್ಲ, ಇನ್ನೇನು?"

"ಮೊದಲು ಎಲ್ಲಿತ್ತು?"

"ಗೋಡೆಗೆ ತಾಗಿ, ಆಚೆ ಬದಿ. ನಾನೇ ಹೇಳ್ತಿದೀನಲ್ಲ, ಬರ್ಕೋ."

"ನೀನು ಹೇಳಿದ್ರೆ ಆಗಲ್ಲ ಅಕ್ಕಾ."

"ನಿಂಗೂ ಆಗಲ್ವಾ?"

ಮರುದಿನ ಸಹಾಯಕ ಗೋಡೆಯ ಬುಡವನ್ನೆಲ್ಲ ಅಗೆದು ನೋಡಿದ. ಕಲ್ಲಿನ ಕುಳಿಯ ಗುರುತಾದರೂ ಸಿಕ್ಕಿದ್ದರೆ ಸಾಕಾಗುತ್ತಿತ್ತು. ಪಾಯದ ಕಾಂಕ್ರೀಟು ಅದನ್ನು ನುಂಗಿಬಿಟ್ಟಿತ್ತು. ಅಕ್ಕ ಸುಳ್ಳು ಹೇಳುವವಳಲ್ಲವೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಆ ನಂಬಿಕೆ ಅಳತೆಯಿಂದ ಬಂದದ್ದಲ್ಲ, ಒಡಹುಟ್ಟಿನಿಂದ ಬಂದದ್ದು. "ಕಲ್ಲು ಸ್ಥಳಾಂತರಗೊಂಡಿದೆ, ಮೂಲ ಸ್ಥಾನ ತಿಳಿಯದು" ಎಂದು ಬರೆದು, ಒಲೆಯ ಮೇಲೆಯೇ ಗೆರೆ ಎಳೆದು ಸಹಿ ಹಾಕಿದರು.

ಅಡುಗೆಮನೆ ಕೆಡವಿದ ದಿನ ಅಕ್ಕನೇ ಫೋನು ಮಾಡಿದಳು. ಬೈಯಲಿಲ್ಲ, ಅಳಲೂ ಇಲ್ಲ. ಡಬ್ಬಿಯವರಿಗೆಲ್ಲ ಬೇರೆ ಕಡೆ ನೋಡಿಕೊಳ್ಳಲು ಹೇಳಿಯಾಯಿತು ಎಂದಳು. ಆಮೇಲೆ ಕೇಳಿದಳು:

"ನಿಮ್ಮದು ಊಟ ಆಯ್ತಾ?"

ಹುಟ್ಟಿದಂದಿನಿಂದ ಆಕೆ ಅವರನ್ನು ಬಹುವಚನದಲ್ಲಿ ಮಾತಾಡಿಸಿದವಳಲ್ಲ. "ಆಯ್ತು" ಎಂದರು. ಆಗಿರಲಿಲ್ಲ.