ನಾನು ಕೆರೆದು ತೆಗೆದ ಆಕಾಶ

ಫೋಟೋ ತೆಗೆಯುವವರ ಹೆಂಡತಿಯಾಗಿದ್ದರೂ ನನ್ನದೊಂದು ಫೋಟೋ ಇರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಎನ್ನುವುದು ಸುಳ್ಳಲ್ಲ. ಬೆಟಗೇರಿಯ ನಮ್ಮ ಮನೆಯ ಕಿಟಕಿಯ ಪಕ್ಕ ಕುಳಿತು ಗದಗ, ಶಿರಹಟ್ಟಿ, ಮುಂಡರಗಿಯ ಎಷ್ಟೋ ಹುಡುಗಿಯರ ಮುಖ ತಿದ್ದಿದ್ದೇನೆ. ವರನ ಕಡೆಯವರು ನೋಡಿ ಒಪ್ಪಿದ್ದು ಹುಡುಗಿಯನ್ನೋ ನನ್ನ ಪೆನ್ಸಿಲ್ಲನ್ನೋ ಹೇಳುವುದು ಕಷ್ಟ.

ನಮ್ಮವರದು ನೇಕಾರರ ಮನೆ. ಮಾವ ತೀರಿಕೊಂಡ ಮೇಲೆ ಮಗ್ಗ ನಿಂತುಹೋಯಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹೊತ್ತು ಮುಳುಗುವವರೆಗೆ ಕೂರುವ ಸಹನೆ ಮಗನಿಗೆ ಇರಲಿಲ್ಲ. ಗದಗಿನ ಸ್ಟೇಷನ್ ರಸ್ತೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದರು. ಆ ಸ್ಟುಡಿಯೋದಲ್ಲಿ ಆಗಲೂ ಗಾಜಿನ ಪ್ಲೇಟಿನ ಮೇಲೆಯೇ ಫೋಟೋ ತೆಗೆಯುತ್ತಿದ್ದರು. ಪ್ಲೇಟಿನಲ್ಲಿ ಎಲ್ಲವೂ ತಿರುಗಾಮುರುಗಾ: ಬೆಳಕಿದ್ದಲ್ಲಿ ಕಪ್ಪು, ನೆರಳಿದ್ದಲ್ಲಿ ಬಿಳುಪು. ಇಳಿಜಾರು ಚೌಕಟ್ಟಿನ ಮೇಲೆ ಪ್ಲೇಟನ್ನು ಇಟ್ಟು, ಕೆಳಗೊಂದು ಕನ್ನಡಿ ಹಿಡಿಸಿ, ಸಿಡುಬಿನ ಕಲೆ ಇದ್ದಲ್ಲಿ ಚೂಪಾದ ಪೆನ್ಸಿಲ್ಲಿನಿಂದ ತುಂಬಬೇಕು. ಬೇಡದ ಕಪ್ಪು ಗೀರು ಬಿದ್ದಿದ್ದರೆ ತೆಳುವಾದ ಚಾಕುವಿನ ತುದಿಯಿಂದ ಕೆರೆದು ತೆಗೆಯಬೇಕು. ಇವರು ಮನೆಗೆ ತಂದು ಮಾಡುತ್ತಿದ್ದ ಈ ಕೆಲಸವನ್ನು ನಾನು ನೋಡಿ ನೋಡಿಯೇ ಕಲಿತೆ. ತವರಿನಲ್ಲಿ ಕಸೂತಿ ಹಾಕಿ ಪಳಗಿದ ಕೈ ನನ್ನದು. ಕೆಲವೇ ತಿಂಗಳಲ್ಲಿ ಚಾಕು, ಪೆನ್ಸಿಲ್ಲು ಎರಡೂ ನನ್ನ ಪಾಲಾದವು, ಇವರ ಕೈ ಖಾಲಿಯಾಯಿತು. ಖಾಲಿ ಕೈಯಿಂದಲೇ ನನ್ನ ತಾಪತ್ರಯ ಶುರುವಾಯಿತು.

ಇವರಿಗೆ ಬಯಲಿನ ಹುಚ್ಚು ಹಿಡಿಯಿತು. ಸ್ಟುಡಿಯೋದ ಹಳೆಯ ಕ್ಯಾಮರಾವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಂಬಳಿಯಲ್ಲಿ ಸುತ್ತಿ ಕಟ್ಟಿಕೊಂಡು ಕೋಳಿ ಕೂಗುವ ಮೊದಲೇ ಹೊರಡುತ್ತಿದ್ದರು. ಅಂತೂರ ಬೆಂತೂರದ ಎರೆಹೊಲಗಳ ಮೇಲೆ ಸೂರ್ಯ ಹುಟ್ಟುವುದನ್ನು ಹಿಡಿಯಬೇಕಂತೆ. ಲಕ್ಷ್ಮೇಶ್ವರಕ್ಕೆ ಮದುವೆಯ ಫೋಟೋ ತೆಗೆಯಲು ಹೋದವರು ಬೀಗರ ಊಟ ಬಿಟ್ಟು ಊರ ಹೊರಗಿನ ಕೆರೆಯ ಮೇಲೆ ಹೊತ್ತು ಮುಳುಗುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಸ್ಟುಡಿಯೋದ ಮಾಲೀಕರು ಅವಧಿ ಮುಗಿದ ಪ್ಲೇಟುಗಳನ್ನು ಇವರಿಗೆ ಕೊಟ್ಟು, "ತಗೋಪಾ, ಮನಶಾರಿಲ್ಲದ ಫೋಟೋ ತೆಗಿ. ಗುಡ್ಡ ಬಂದು ಕಾಪಿ ಕೇಳಿದ್ರ ನನಗೂ ಹೇಳು" ಎಂದು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ನಾನು ಹುಟ್ಟಿದ್ದು ಹಮ್ಮಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಬೆಳಿಗ್ಗೆ ಕೊಡ ಹಿಡಿದು ಹೊಳೆಗೆ ಹೋದರೆ ಆಚೆ ದಂಡೆಯ ಮರಗಳ ಹಿಂದಿನಿಂದ ಸೂರ್ಯ ಏಳುತ್ತಿದ್ದ. ಆ ದಂಡೆ ನನ್ನ ಚಿಕ್ಕಂದಿನಲ್ಲಿ ಮದ್ರಾಸ್ ಸೀಮೆ, ಈ ದಂಡೆ ಮುಂಬಯಿ ಸೀಮೆ. ನಮ್ಮ ಸೂರ್ಯ ದಿನಾ ಪರರಾಜ್ಯದಿಂದ ಬರುತ್ತಾನೆಂದು ಅಪ್ಪ ತಮಾಷೆ ಮಾಡುತ್ತಿದ್ದರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಕಣ್ಣ ತುಂಬ ಆಕಾಶ. ಅಂಥವಳನ್ನು ತಂದು ಬೆಟಗೇರಿಯ ಓಣಿಯಲ್ಲಿ, ಮಗ್ಗಗಳ ಸದ್ದಿನ ನಡುವೆ, ಅಂಗೈಯಗಲದ ಗಾಜಿನ ಮುಂದೆ ಕೂರಿಸಿದ್ದರು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾನು ಬಿಟ್ಟುಬಂದ ಬಯಲಿಗೆ ಇವರು ದಿನವೂ ಹೋಗುತ್ತಿದ್ದರು, ನನ್ನನ್ನು ಬಿಟ್ಟು. ಅದು ಸಹಿಸಲಾಗುತ್ತಿರಲಿಲ್ಲ.

ಒಮ್ಮೆ ಬಾಯಿಬಿಟ್ಟು ಕೇಳಿಯೇಬಿಟ್ಟೆ. "ನಾನೂ ಬರತೇನ್ರಿ. ಅಲ್ಲೇ ನಿಂತು ನಂದೂ ಒಂದು ಫೋಟೋ ತೆಗೀರಿ."

"ಚಿತ್ರದಾಗ ಮನಶಾರು ಬಂದ್ರ ಗುಡ್ಡ ಸಣ್ಣದಾಗತೈತಿ. ನೋಡೋರ ಕಣ್ಣು ಮಾರಿ ಮ್ಯಾಲ ಹೋಗತಾವು. ನನ್ನ ಚಿತ್ರದಾಗ ಯಾರೂ ಬ್ಯಾಡ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಊಟಕ್ಕೆ ಉಪ್ಪು ಸಾಕು ಎನ್ನುವ ಹಾಗೆ ಹೇಳಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದು ಏಕೀಕರಣದ ವರ್ಷ. ಎಲ್ಲ ಕನ್ನಡ ಸೀಮೆಗಳೂ ಒಂದೇ ರಾಜ್ಯವಾಗುತ್ತವೆ ಎಂಬ ಮಾತು ಓಣಿ ಓಣಿಯಲ್ಲಿ. ನಮ್ಮ ಅತ್ತೆಯ ತವರು ಲಕ್ಷ್ಮೇಶ್ವರ. ಅದು ಹಿಂದೆ ಸಂಸ್ಥಾನದ ಊರು ಎಂದು ಅವರಿಗೆ ಬಿಗುಮಾನ. "ರಾಜರ ಕೈಯಾಗ ಬೆಳದಾಕಿ ನಾ. ಇನ್ನ ಮ್ಯಾಲ ನೀನೂ ನಾನೂ ಒಂದ ಏನು?" ಎಂದು ನನ್ನನ್ನು ಕಾಡುತ್ತಿದ್ದರು. ಗದಗಿನ ಕೆಲವು ಹಿರಿಯರು ಸೇರಿ ಆ ದಿನದ ಸಂಭ್ರಮಕ್ಕೆ ಚಿತ್ರಗಳ ಪ್ರದರ್ಶನ ಇಡುವುದೆಂದು ಗೊತ್ತುಮಾಡಿದರು. ನಮ್ಮ ಸೀಮೆಯ ಚೆಲುವನ್ನು ತೋರಿಸುವ ಚಿತ್ರ ಇದ್ದರೆ ಕೊಡಿ ಎಂದು ಇವರನ್ನು ಕೇಳಿದರು. ಅಷ್ಟು ವರ್ಷ ನಗೆಗೀಡಾಗಿದ್ದವರಿಗೆ ಒಂದು ಗೋಡೆ ಸಿಕ್ಕಿತು. ಅಂದಿನಿಂದ ಇವರು ನೆಲದ ಮೇಲೆ ನಿಲ್ಲಲಿಲ್ಲ. ಮುಂಜಾವಿನ ಚಿತ್ರ ಇತ್ತು, ಸಂಜೆಯ ಚಿತ್ರ ಇತ್ತು. ಮೂರನೆಯದು ಏನೆಂದು ನನಗೆ ಹೇಳಲಿಲ್ಲ. ಮಹಾನವಮಿ ಅಮಾವಾಸ್ಯೆಯ ಆಸುಪಾಸಿನಲ್ಲಿ ರಾತ್ರಿ ರಾತ್ರಿ ಮಾಯವಾಗತೊಡಗಿದರು.

ಗಂಡ ರಾತ್ರಿ ಎಲ್ಲಿಗೆ ಹೋಗುತ್ತಾನೆಂದು ಗೊತ್ತಿಲ್ಲದ ಹೆಂಗಸಿಗೆ ಓಣಿಯವರೆಲ್ಲ ಬಂಧುಗಳಾಗುತ್ತಾರೆ. ನೀರಿನ ಸರತಿಯಲ್ಲಿ ಒಬ್ಬಳು, "ನಿಮ್ಮನಿಯವರಿಗೆ ರಾತ್ರಿ ಪಾಳಿ ಏನs ಯವ್ವಾ?" ಎಂದಳು. ಉಳಿದವರು ಸೆರಗಿನಲ್ಲಿ ನಕ್ಕರು. ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದೆ.

ಮರುದಿನ ಇವರು ಫೋಟೋ ತೆಗೆಯಲು ಮುಂಡರಗಿಗೆ ಹೋಗಿದ್ದರು. ಒಣಗಲು ಇಟ್ಟ ಪ್ಲೇಟುಗಳ ನಡುವೆ ಒಂದು ವಿಚಿತ್ರ ಪ್ಲೇಟಿತ್ತು. ಕೆಳಗೆ ಏನೂ ಇಲ್ಲದ ಬಿಳುಪು, ಮೇಲೆ ತೆಳು ಮಬ್ಬು. ಆ ಮಬ್ಬಿನ ತುಂಬ ಸಣ್ಣ ಸಣ್ಣ ಕಪ್ಪು ಗೀರು, ಎಲ್ಲವೂ ಒಂದೇ ಕಡೆಗೆ ವಾಲಿದವು, ಬಾಚಣಿಗೆಯಿಂದ ಕೆರೆದ ಹಾಗೆ. ತೊಳೆಯುವಾಗ ಉಜ್ಜಿ ಕೆಡಿಸಿದ್ದಾರೆ, ಮಾಲೀಕರು ನೋಡಿದರೆ ಬೈಯುತ್ತಾರೆ ಎಂದುಕೊಂಡೆ. ಚಾಕು ತೆಗೆದೆ. ಊಟ ಮರೆತು ಒಂದೊಂದೇ ಗೀರನ್ನು ಕೆರೆದೆ. ಗಂಡನಿಗೆ ನೆರವಾಗುವ ಪ್ರೀತಿಯೂ ಇತ್ತು, ನೀರಿನ ಸರತಿಯ ಸಿಟ್ಟೂ ಇತ್ತು. ಯಾವುದು ಹೆಚ್ಚಿತ್ತೋ ದೇವರೇ ಬಲ್ಲ. ಸಂಜೆಯ ಹೊತ್ತಿಗೆ ಪ್ಲೇಟು ತೊಳೆದಿಟ್ಟ ತಾಟಿನಂತೆ ನುಣ್ಣಗಿತ್ತು.

ಇವರು ಬಂದು ಪ್ಲೇಟನ್ನು ಬೆಳಕಿಗೆ ಹಿಡಿದರು. ಹಿಡಿದೇ ನಿಂತರು.

"ಏನ ಮಾಡೀದಿ ಇದನ್ನ?"

"ಗೀರು ತಗದೇನ್ರಿ. ಭಾಳ ಕೆಟ್ಟಿತ್ತು."

"ಗೀರಲ್ಲ ಅವು. ಚಿಕ್ಕಿ! ಕಪ್ಪತಗುಡ್ಡದ ಮ್ಯಾಲ ಆಕಾಶದಾಗಿನ ಚಿಕ್ಕಿ! ಕಣ್ಣು ತೆರದಿಟ್ಟ ಕ್ಯಾಮರಾದ ಮುಂದ ಅವು ಸರೀತಾವು, ಗೀರಾಗಿ ಬೀಳತಾವು. ಎಷ್ಟು ರಾತ್ರಿ ಹೋಗೇನಿ ಗೊತ್ತೇನು? ಒಂದಿನ ಮೋಡ, ಒಂದಿನ ಗಾಳಿ... ಇದೊಂದ ಬಂದಿತ್ತು. ಒಂದ!"

ದನಿ ಓಣಿಗೆ ಕೇಳುವಷ್ಟಾಗಿತ್ತು. ನಾನೂ ದನಿ ಏರಿಸಿದೆ. "ಹೇಳಿದ್ರ ಗೊತ್ತಾಗತಿತ್ತು. ಎಲ್ಲಿ ಹೋಗತೀರಿ ಅಂತ ಹೆಂಡತಿಗೆ ಒಂದು ಮಾತು ಹೇಳಿದ್ರ ನಿಮ್ಮ ಗುಡ್ಡ ಸವೀತಿತ್ತೇನು? ಮಾಳಿಗಿ ಮ್ಯಾಲ ಮಲಗಿ ಬೆಳದಾಕಿ ನಾ. ನನಗ ಚಿಕ್ಕಿ ಗೊತ್ತಿಲ್ಲೇನು? ನಿಮ್ಮ ಗಾಜಿನಾಗ ಅವು ಹಿಂಗ ಕಾಣತಾವಂತ ಯಾರು ಹೇಳಿದ್ರು ನನಗ?" ಎಂದೆ. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಂತಿತು.

ಆ ರಾತ್ರಿ ಎರಡು ತಟ್ಟೆ ಊಟ ಹಾಗೇ ಉಳಿಯಿತು. ಮರುದಿನ ನಾನೇ ಸೋತು, ಕಾಗದದ ಮೇಲೆ ಅಚ್ಚುಹಾಕಿದ ಮೇಲೆ ಚಾಕುವಿನ ಮೊನೆಯಿಂದ ಚುಚ್ಚಿ ನಕ್ಷತ್ರ ಮಾಡಿಕೊಡುತ್ತೇನೆ ಎಂದೆ. "ಸುಳ್ಳು ಚಿಕ್ಕಿ ಬ್ಯಾಡ" ಎಂದರು. ಮತ್ತೆ ತೆಗೆಯಲು ಇನ್ನೊಂದು ಅಮಾವಾಸ್ಯೆ ಬರಬೇಕು. ಅದು ದೀಪಾವಳಿಯದು, ಪ್ರದರ್ಶನವೂ ಅದೇ ವಾರ. ತಿಂಗಳಿಡೀ ನಾನು ಬೇರೆಯವರ ಮುಖ ತಿದ್ದಿದೆ, ಇವರು ಮೋಡ ನೋಡಿದರು. ಎತ್ತು ಏರಿಗೆ, ಕೋಣ ನೀರಿಗೆ. ತವರಿಗೆ ಹೋಗಿಬಿಡೋಣವೆಂದು ಟ್ರಂಕಿಗೆ ಸೀರೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ಟ್ರಂಕನ್ನು ನೋಡಿದವರು ಅತ್ತೆ. ಅಮಾವಾಸ್ಯೆಗೆ ಕೆಲವು ದಿನ ಇರುವಾಗ ಮಗನನ್ನು ಕರೆದು ಅಂದರು: "ಇವತ್ತ ಹೋಗೋದಾದ್ರ ಇಕಿನ್ನೂ ಕರಕೊಂಡು ಹೋಗು. ಹಬ್ಬಕ್ಕ ತವರಿಗೆ ಹೋಗ್ಯಾಳಂತ ಓಣ್ಯಾಗ ನಾ ಹೇಳತೇನಿ. ಒಂದ್ಸಲ ನೋಡಿ ಬರಲಿ, ತನ್ನ ಸವತಿ ಹೆಂಗದಾಳಂತ." ಮಗ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಒಳಗೆ ಹೋದರು. ಸಂಸ್ಥಾನದವರ ಆಜ್ಞೆ, ಮೇಲ್ಮನವಿ ಇಲ್ಲ.

ಮುಂಡರಗಿ ಬಸ್ಸಿನಲ್ಲಿ ಹೋಗಿ ದಾರಿಯಲ್ಲೇ ಇಳಿದೆವು. ಹೊಲದ ಬದುಗಳ ಮೇಲೆ ನಡೆದು ಕಪ್ಪತಗುಡ್ಡ ಪೂರ್ತಿ ಕಾಣುವ ದಿಬ್ಬಕ್ಕೆ ಬಂದಾಗ ಕತ್ತಲಾಗಿತ್ತು. ಇವರು ಕ್ಯಾಮರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಮುಚ್ಚಳ ತೆಗೆದು, "ಇನ್ನ ಕೆಲಸಿಲ್ಲ. ಸುಮ್ಮ ಕುಂಡ್ರು. ಬೆಂಕಿಕಡ್ಡಿ ಗೀರಬ್ಯಾಡ" ಎಂದರು. ಇಬ್ಬನಿಗೆ ತಾವು ಕಂಬಳಿ ಹೊದ್ದು ಕ್ಯಾಮರಾದ ಬುಡದಲ್ಲಿ ಕುಳಿತರು.

ತಲೆ ಎತ್ತಿದೆ. ಹಮ್ಮಿಗಿಯ ಮಾಳಿಗೆಯ ಆಕಾಶವೇ ಅದು, ಒಂದೂ ಕಡಿಮೆಯಾಗಿರಲಿಲ್ಲ. ಅಳು ಬಂತು. ಇದನ್ನೇ ನಾನು ಒಂದು ಮಧ್ಯಾಹ್ನ ಕೂತು ಕೆರೆದು ತೆಗೆದಿದ್ದೆ. ಆದರೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಅಷ್ಟು ದಿನದ ಮೇಲೆ ಬಯಲು ಸಿಕ್ಕಿದ್ದ ಕಾಲುಗಳು ಮಾತು ಕೇಳಲಿಲ್ಲ. ಕತ್ತಲಲ್ಲಿ ನಡೆದರೆ ಪ್ಲೇಟಿನಲ್ಲಿ ಬೀಳುವುದಿಲ್ಲವೆಂದು ನನಗೂ ತಿಳಿದಿತ್ತು. ಮೆಲ್ಲಗೆ ಇಳಿದು, ಕೆಳಗಿನ ದಾರಿಯ ಪಕ್ಕದ ಬಂಡೆಯ ಹತ್ತಿರ ಹೋಗಿ ನಿಂತೆ.

ಎಷ್ಟು ಹೊತ್ತಾಗಿತ್ತೋ, ಉಳ್ಳಾಗಡ್ಡಿ ಹೇರಿಕೊಂಡು ಗದಗಿಗೆ ಹೊರಟ ಚಕ್ಕಡಿಯೊಂದು ಆ ದಾರಿಯಲ್ಲಿ ಬಂತು. ಎತ್ತುಗಳು ನನ್ನನ್ನು ಕಂಡು ನಿಂತವು. ಗಾಡಿಯವನು ಹಿರಿಯ. ಇಳಿದು ಕಂದೀಲು ಎತ್ತಿ ಹಿಡಿದ.

"ಯಾರವ್ವಾ ನೀ? ಮನಶ್ಯಾಳೋ, ಏನು?"

"ಮನಶ್ಯಾಳು. ಹಮ್ಮಿಗಿಯಾಕಿ."

"ಇಷ್ಟೊತ್ತಿನ್ಯಾಗ ಯಾರ ಕೂಡ ಬಂದೀದಿ?"

"ಗಂಡನ ಕೂಡ."

"ಗಂಡ ಎಲ್ಲಿ?"

"ಅಲ್ಲಿ. ಕಂಬಳಿಯೊಳಗ."

ಅವನು ಕಂದೀಲನ್ನು ನನ್ನ ಮುಖದ ಹತ್ತಿರ ತಂದು ಕಾಲು ಹಿಂದಕ್ಕಿವೆಯೋ ಮುಂದಕ್ಕಿವೆಯೋ ಎಂದು ಕೆಳಗೂ ನೋಡಿದ. ಅಷ್ಟರಲ್ಲಿ ದಿಬ್ಬದ ಮೇಲಿಂದ ದನಿ ಬಂತು: "ಕಂದೀಲ ಆರಸೋ ಮಾರಾಯಾ! ಕಂದೀಲ ಆರಸು!" ಕತ್ತಲಿಗೆ ದನಿ ಬಂದದ್ದು ಕೇಳಿ ಹಿರಿಯ ದೇವರ ಹೆಸರು ಹೇಳುತ್ತ ಗಾಡಿ ಹತ್ತಿದ. ಕಂದೀಲು ಕುಣಿಯುತ್ತ ಕುಣಿಯುತ್ತ ಗುಡ್ಡದ ಬುಡದುದ್ದಕ್ಕೂ ಹೋಯಿತು. ನಾನು ನಿಂತಲ್ಲೇ ಕಲ್ಲಾದೆ. ಎರಡನೆಯ ಸಲ ಇವರ ಆಕಾಶ ಕೆಡಿಸಿದ್ದೆ. ಇವರು ಬೈಯಲಿಲ್ಲ. ಮುಚ್ಚಳ ಹಾಕಿ ಮತ್ತೆ ಕಂಬಳಿ ಹೊದ್ದರು. ಪೂರ್ವಕ್ಕೆ ಮೋಡ ಏರುತ್ತಿದ್ದದ್ದನ್ನು ಇಬ್ಬರೂ ನೋಡಿದೆವು.

ಆಮೇಲಿನ ರಾತ್ರಿಗಳೆಲ್ಲ ಮೋಡವೇ. ಇದ್ದದ್ದು ಅದೊಂದೇ ಪ್ಲೇಟು. ಮಾವನ ಮಗ್ಗದ ಕುಣಿಯೇ ಇವರ ಕತ್ತಲೆ ಕೋಣೆ. ಅದರಲ್ಲಿಳಿದು, ಮೇಲೆ ಕಂಬಳಿ ಮುಚ್ಚಿಸಿಕೊಂಡು, ಕೆಂಪು ದೀಪದಲ್ಲಿ ಪ್ಲೇಟು ತೊಳೆದರು. ಮೇಲೆ ನಾನು ಒಳಗೂ ಹೊರಗೂ ತಿರುಗಿದೆ. "ಕುಂಡ್ರs ಹುಡುಗಿ, ನೆಲಾ ಸವೀತೈತಿ" ಎಂದು ಅತ್ತೆ ಗದರಿದರು.

ಬೆಳಕಿಗೆ ಹಿಡಿದಾಗ ನಕ್ಷತ್ರಗಳು ಬಿದ್ದಿದ್ದವು, ವಾಲಿದ ಸಣ್ಣ ಗೀರುಗಳಾಗಿ, ಲೆಕ್ಕವಿಲ್ಲದಷ್ಟು. ಕೆಳಗೆ ಕಂದೀಲು ಹೋದ ದಾರಿ ಅಂಕುಡೊಂಕು ಗೆರೆಯಾಗಿತ್ತು. ಅದು ಶುರುವಾಗುವಲ್ಲಿ ಬಂಡೆಯ ಪಕ್ಕ ಉಗುರಿನಷ್ಟು ಪುಟ್ಟ ಹೆಂಗಸು: ಸೆರಗು, ಅರ್ಧ ಮುಖ. ನಾನು ಚೌಕಟ್ಟಿನ ಮುಂದೆ ಕುಳಿತೆ. ಚಾಕು ಕೈಗೆತ್ತಿಕೊಂಡೆ.

"ಕಂದೀಲ ತೆಗೀತೇನ್ರಿ. ನನ್ನೂ ತೆಗೀತೇನಿ. ಗುರುತು ಸೈತ ಉಳಿಯಂಗಿಲ್ಲ. ಚಿಕ್ಕಿ ಮುಟ್ಟಂಗಿಲ್ಲ, ಆಣಿ ಮಾಡತೇನಿ" ಎಂದೆ.

ಇವರು ಪ್ಲೇಟಿನ ಮೇಲೆ ಬಹಳ ಹೊತ್ತು ಬಗ್ಗಿ ನೋಡಿದರು. "ಚಾಕು ಇಲ್ಲಿ ತಾ" ಎಂದರು. ಕೊಟ್ಟೆ. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

"ಗುಡ್ಡ ಎಷ್ಟು ದೊಡ್ಡದೈತಿ ಅಂತ ಇಷ್ಟು ವರ್ಷ ತೋರಸಾಕ ಬಂದಿದ್ದಿಲ್ಲ ನನಗ. ಈಗ ನೋಡು. ನೀ ನಿಂತಿ, ದೊಡ್ಡದಾತು."

ಪ್ರದರ್ಶನದಲ್ಲಿ ಆ ಚಿತ್ರದ ಮುಂದೆ ನಿಂತು ಅತ್ತೆ ಹಣೆ ಹಣೆ ಬಡಿದುಕೊಂಡರು. "ತವರಿಗೆ ಹೋಗ್ಯಾಳ ಅಂತ ಓಣಿ ತುಂಬ ಹೇಳಿ ಬಂದೇನಿ, ಇಲ್ಲಿ ಇಡೀ ಗದಗಿಗೆ ತೋರಸಾಕ್ಹತ್ಯಾರಲ್ಲ!" ಇವರು ನಕ್ಕರು. ಚಾಕು ಆಗಲೂ ಇವರ ಕಿಸೆಯಲ್ಲೇ ಇತ್ತು. ಚಿತ್ರ ಗೋಡೆಯಿಂದ ಇಳಿಯುವವರೆಗೂ ನನ್ನ ಕೈಗೆ ಕೊಡಲಿಲ್ಲ.